ಸ್ಟೆಪ್ನಿಯ ಪಥ್ಯ

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನಮ್ಮ ನಾಯಿ ಸ್ಟೆಪ್ನಿ, ತೀರಿಹೋದ ಯಜಮಾನರ ಫೋಟೋ ಮುಂದೆ ನಮಸ್ಕಾರ ಮಾಡಿತು.

ನಾನು ಕಾಫಿಗೆ ನೀರಿಟ್ಟಿದ್ದೆ. ನಡುಮನೆಯಿಂದ ಅತ್ತೆ ಕರೆದರು. "ಸುಜಾತಾ, ಬಾರೇ ಇಲ್ಲಿ. ಇವನ್ನ ನೋಡು." ಹೋಗಿ ನೋಡಿದೆ. ಗೋಡೆಯ ಫೋಟೋ ಕೆಳಗೆ ಸ್ಟೆಪ್ನಿ ಮುಂಗಾಲು ಎರಡನ್ನೂ ನೆಲಕ್ಕೆ ಚಾಚಿ, ಎದೆ ಊರಿ, ಹಿಂಭಾಗ ಮಾತ್ರ ಮೇಲೆತ್ತಿ ನಿಂತಿತ್ತು. ತಲೆ ಬಗ್ಗಿಸಿತ್ತು. ಅಲುಗಾಡುತ್ತಿರಲಿಲ್ಲ.

"ಯಜಮಾನ್ರಿಗೆ ಅಡ್ಡಬಿದ್ದೈತೆ ಕಣೇ," ಎಂದರು ಅತ್ತೆ. ಅವರ ಕಣ್ಣು ತುಂಬಿತ್ತು. "ಮನುಷ್ರಿಗೂ ಇಷ್ಟು ಇರಲ್ಲ."

ನನಗೂ ಹಾಗೇ ಅನ್ನಿಸಿತು. ಫೋನಿನಲ್ಲಿ ಫೋಟೋ ತೆಗೆದೆ. ಮಗಳು ಆಶಾ ಹಲ್ಲುಜ್ಜುತ್ತಾ ಬಂದು ತಾನೂ ಒಂದು ತೆಗೆದಳು. ಮೂವರೂ ನಿಂತು ನೋಡುತ್ತಿದ್ದಂತೆ ಸ್ಟೆಪ್ನಿ ಎದ್ದಿತು, ನಾಲ್ಕು ಹೆಜ್ಜೆ ನಡೆಯಿತು, ಹಳದಿ ನೀರನ್ನು ವಾಂತಿ ಮಾಡಿತು. ಮತ್ತೆ ಅದೇ ಜಾಗಕ್ಕೆ ಬಂದು ಅದೇ ರೀತಿ ಬಗ್ಗಿ ನಿಂತಿತು.

ಮಧ್ಯಾಹ್ನ ಪಶು ಆಸ್ಪತ್ರೆಯಲ್ಲಿ ನಾನು ಆ ಫೋಟೋ ತೋರಿಸಿದಾಗ ಡಾಕ್ಟರಮ್ಮ ಫೋನನ್ನು ಕೈಗೆ ತೆಗೆದುಕೊಂಡು ನೋಡಿದರು.

"ಇದು ನಮಸ್ಕಾರ ಅಲ್ಲಮ್ಮ. ಹೊಟ್ಟೆ ನೋವು. ತಡೆಯೋಕಾಗದಷ್ಟು ನೋವಿದ್ರೆ ನಾಯಿ ಹೀಗೆ ನಿಲ್ಲುತ್ತೆ."

ನಾವು ಫೋಟೋ ತೆಗೆದಿದ್ದೆವು.

ಸ್ಟೆಪ್ನಿ ನಮ್ಮ ಮನೆಗೆ ಬಂದು ಒಂಬತ್ತು ವರ್ಷ. ನನ್ನ ಯಜಮಾನರಿಗೆ ಲಗೇಜ್ ಆಟೋ ಇತ್ತು. ಬುಕ್ಕಾಂಬುಧಿ ಕಡೆಯ ತೋಟಗಳಿಂದ ತೆಂಗಿನಕಾಯಿ ತುಂಬಿಕೊಂಡು ಕಡೂರಿಗೆ ಹಾಕಿ ಬರುತ್ತಿದ್ದರು. ಒಂದು ದಿನ ಅಜ್ಜಂಪುರಕ್ಕೆ ವಾಪಸ್ ಬಂದು ಹಿಂದಿನ ಬಾಗಿಲು ತೆಗೆದರೆ ಸ್ಟೆಪ್ನಿ ಟೈರಿನ ಒಳಗೆ ಒಂದು ಕಂದು ಮರಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಕಡೂರು ಸ್ಟೇಷನ್ ಬಳಿ ಹತ್ತಿಕೊಂಡಿರಬೇಕು. ಹೆಸರಿಡುವ ಕಷ್ಟವೇ ಬರಲಿಲ್ಲ. ಅಂದಿನಿಂದ ಅದರ ಸೀಟು ಟೈರಿನ ಪಕ್ಕ. ಯಜಮಾನರು ಎಲ್ಲಿ, ಅದು ಅಲ್ಲಿ.

ಆಟೋ ತೆಗೆದುಕೊಳ್ಳುವ ಮೊದಲು ಅವರು ತರೀಕೆರೆ ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಕೆಲಸ ಬಿಟ್ಟರೂ ಬಾಯಿಂದ 'ರೈಟ್' ಹೋಗಲಿಲ್ಲ. ಮನೆಯಿಂದ ಹೊರಡುವಾಗ ರೈಟ್. ಮಗಳನ್ನು ಮದುವೆ ಮಾಡಿ ಕಡೂರಿಗೆ ಕಳಿಸುವಾಗ, ಎಲ್ಲರೂ ಅಳುತ್ತಿರುವಾಗ, ಕಾರಿನ ಮೇಲೆ ಎರಡು ಸಲ ತಟ್ಟಿ ರೈಟ್. ನಾಯಿಗೆ ಊಟ ಹಾಕಿದಾಗಲೂ ಅದೇ. ತಟ್ಟೆ ಇಟ್ಟು ಸ್ವಲ್ಪ ಹೊತ್ತು ಸತಾಯಿಸಿ, ಆಮೇಲೆ "ರೈಟ್" ಅನ್ನುತ್ತಿದ್ದರು. ಅಲ್ಲಿಯವರೆಗೆ ಸ್ಟೆಪ್ನಿ ಜೊಲ್ಲು ಸುರಿಸುತ್ತಾ ಕೂತಿರುತ್ತಿತ್ತೇ ಹೊರತು ಬಾಯಿ ಹಾಕುತ್ತಿರಲಿಲ್ಲ.

ಹೋದ ವರ್ಷ ಆಷಾಢದಲ್ಲಿ, ಕಡೂರಿನಲ್ಲಿ ಕಾಯಿ ಇಳಿಸುತ್ತಿದ್ದಾಗ, ಅವರು ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಆಮೇಲೆ ಮೂರು ದಿನ ಸ್ಟೆಪ್ನಿ ಏನೂ ತಿನ್ನಲಿಲ್ಲ. ದುಃಖಕ್ಕೆ ಹೀಗೆ ಮಾಡುತ್ತಿದೆ ಎಂದುಕೊಂಡೆವು. ನಾಲ್ಕನೆಯ ದಿನ ನನಗೆ ಹೊಳೆಯಿತು. ಮನೆ ತುಂಬಾ ನೆಂಟರಿದ್ದರು. ನಾನು ಅಡುಗೆಮನೆ ಬಾಗಿಲು ಹಾಕಿಕೊಂಡು, ಯಾರಿಗೂ ಕೇಳಿಸದ ಹಾಗೆ "ರೈಟ್" ಅಂದೆ. ಅದು ಒಂದೇ ಉಸಿರಿಗೆ ಮುದ್ದೆ ನುಂಗಿತು. ಮದುವೆಯಾಗಿ ಇಪ್ಪತ್ತೇಳು ವರ್ಷ ಅವರ ಹೆಸರನ್ನು ಬಾಯಲ್ಲಿ ಹೇಳದ ನಾನು ಅವರ ಮಾತನ್ನು ಹೇಳಿದ್ದು ಅದೇ ಮೊದಲು.

ಅವರು ಹೋದ ಮೇಲೆ ಸ್ಟೆಪ್ನಿಯ ಹೊಟ್ಟೆ ಎಲ್ಲರ ಜವಾಬ್ದಾರಿಯಾಯಿತು. ತೊಂದರೆ ಅಲ್ಲಿಂದಲೇ ಶುರು. ಮೈದುನ ರವಿಗೆ ತರೀಕೆರೆಯಲ್ಲಿ ಚಿಕನ್ ಅಂಗಡಿ ಇದೆ. ಅವನ ಪ್ರಕಾರ ನಾಯಿಗೆ ಹಸಿ ಮಾಂಸ ಬಿಟ್ಟರೆ ಬೇರೆ ಊಟವಿಲ್ಲ. ಬಂದಾಗಲೆಲ್ಲ ಒಂದು ಕವರ್ ತುಂಬಾ ಕೋಳಿ ಕಾಲು ತರುತ್ತಾನೆ. ಆಶಾ ಕಡೂರಿನಲ್ಲಿ ಮೆಡಿಕಲ್ ಶಾಪಿನಲ್ಲಿದ್ದಾಳೆ. ಅವಳ ಮನೆಯಲ್ಲಿ ಲ್ಯಾಬ್ರಡಾರ್ ಇದೆ. ಅದು ಹುಟ್ಟಿದಾಗಿನಿಂದ ಪ್ಯಾಕೆಟ್ಟಿನ ಕಾಳು ತಿಂದುಕೊಂಡಿದೆ. ಅವಳ ಪ್ರಕಾರ ಹಸಿ ಮಾಂಸ ಅಂದರೆ ರೋಗದ ಗಂಟು. ಅಜ್ಜಂಪುರದಲ್ಲಿ ನಾನೂ ಅತ್ತೆಯೂ ರಾಗಿ ಮುದ್ದೆ, ಅನ್ನ, ಮಜ್ಜಿಗೆ ಹಾಕುತ್ತಿದ್ದೆವು. ಹೀಗೆ ಒಂದು ನಾಯಿಯ ತಟ್ಟೆಗೆ ಮೂರು ಊರಿನ ಕೈ.

"ತೋಳ ಏನು ಪ್ಯಾಕೆಟ್ ಹರ್ಕೊಂಡು ತಿಂತಿತ್ತೇನಮ್ಮ?" ಎಂದು ರವಿ ಆಶಾಳನ್ನು ಕೆಣಕುತ್ತಿದ್ದ. "ಅದು ಫಾರಂ ಕೋಳಿಗೆ ಹಾಕೋ ಫೀಡ್ ಇದ್ದಂಗೈತೆ."

"ಚಿಕ್ಕಪ್ಪ, ಸ್ಟೆಪ್ನಿ ತೋಳ ಅಲ್ಲ. ಬೆಕ್ಕು ಕಂಡ್ರೆ ಆಟೋ ಹತ್ತಿ ಕೂರುತ್ತೆ."

"ನನ್ನ ಅಂಗಡಿ ಮುಂದಿರೋ ನಾಯಿಗಳ ಮೈ ನೋಡು, ಕನ್ನಡಿ ಹಂಗೆ."

"ಅವುಗಳ ಹೊಟ್ಟೇಲಿರೋ ಹುಳ ನೋಡಿದೀರಾ? ಪ್ಯಾಕೆಟ್ ಮೇಲೆ ಎಷ್ಟು ಪ್ರೋಟೀನು, ಎಷ್ಟು ಫ್ಯಾಟು ಅಂತ ಬರೆದಿರ್ತಾರೆ. ನಿಮ್ಮ ಕೋಳಿ ಕಾಲ ಮೇಲೆ ಏನು ಬರೆದೈತೆ?"

"ಇಬ್ರೂ ಸುಮ್ನಿರ್ರೋ," ಎಂದು ಅತ್ತೆ ನಡುವೆ ಬರುತ್ತಿದ್ದರು. "ನಮ್ಮ ಕಾಲ್ದಲ್ಲಿ ನಾಯಿಗೆ ಏನು ಹಾಕ್ಬೇಕು ಅಂತ ಯಾರೂ ಕೇಳ್ತಿರ್ಲಿಲ್ಲ. ಏನು ಉಳಿದೈತೆ ಅಂತ ಕೇಳ್ತಿದ್ರು."

ಈ ಜಗಳ ನಮಗೆ ಒಂದು ರೀತಿಯ ಹಬ್ಬವಾಗಿತ್ತು. ಅವರಿಲ್ಲದ ಮನೆಯಲ್ಲಿ ಜೋರಾಗಿ ಮಾತಾಡಲು ಬೇರೆ ವಿಷಯ ಸಿಗುತ್ತಿರಲಿಲ್ಲ.

ಸ್ಟೆಪ್ನಿ ಕಾಯಿಲೆ ಮಲಗಿದಾಗ ಅದೇ ಜಗಳ ಬೇರೆಯಾಯಿತು. ಡಾಕ್ಟರಮ್ಮ ಮೊದಲ ದಿನ ಹೊಟ್ಟೆ ಒತ್ತಿ ನೋಡಿದರು. ಅದು ಕೂಗಲಿಲ್ಲ. ನನ್ನ ಕೈಗೆ ಮೂತಿ ಒತ್ತಿ ನಡುಗಿತು. ವಾಂತಿ ನಿಲ್ಲಲು ಒಂದು, ನೋವಿಗೆ ಒಂದು ಇಂಜೆಕ್ಷನ್ ಕೊಟ್ಟರು. ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸಿದರು. ರಿಪೋರ್ಟ್ ಬರಲು ಎರಡು ಮೂರು ದಿನ ಬೇಕೆಂದರು. ಆಮೇಲೆ ಕೇಳಿದರು. "ಏನು ತಿಂದಿದೆ?"

ರವಿ, ತಾನು ಎರಡು ವಾರದಿಂದ ಬಂದೇ ಇರಲಿಲ್ಲ, ನಿನ್ನೆ ಸಂಜೆ ಹಾಕಿದ ಕೋಳಿ ಕಾಲನ್ನು ಅದು ಮೂಸಿಯೂ ನೋಡಲಿಲ್ಲ ಎಂದ. ಆಶಾ, ತಾನು ಹಾಕಿದ ಕಾಳನ್ನೂ ಮುಟ್ಟಲಿಲ್ಲ ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಹಬ್ಬದ ಅಡುಗೆ ಏನಾದ್ರೂ ಹಾಕಿದ್ರಾ?"

ಅತ್ತೆ ಬೆಂಚಿನ ಮೇಲೆ ಕೂತಿದ್ದರು. ಕೈಯಲ್ಲಿ ನಾಯಿಯ ಬೆಲ್ಟು ಹಿಡಿದಿದ್ದರು.

"ಇಲ್ಲ," ಎಂದೆ ನಾನು.

ಅದು ಸುಳ್ಳು.

ಹಿಂದಿನ ದಿನ ಹಿರಿಯರ ಹಬ್ಬ. ವರ್ಷದ ಕಾರ್ಯ ಮುಗಿದ ಮೇಲೆ ಅವರು ಹಿರಿಯರ ಸಾಲಿಗೆ ಸೇರಿದ ಮೊದಲ ಹಬ್ಬ. ನಮ್ಮಲ್ಲಿ ಹೋದವರಿಗೆ ಏನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ, ಬಾಳೆ ಎಲೆಯಲ್ಲಿ ಎಡೆ ಇಟ್ಟು, ಧೂಪ ಹಾಕಿ, ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಅಂಗಳಕ್ಕೆ ಬಂದು ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆಗೆಯುತ್ತೇವೆ. ಅನ್ನದ ಅಗುಳು ಸರಿದಿದೆಯಾ, ಲೋಟದ ನೀರು ಇಳಿದಿದೆಯಾ ಎಂದು ನೋಡುತ್ತೇವೆ. ಇದೆ ಎಂದು ಯಾರಾದರೂ ಹೇಳುತ್ತಾರೆ. ಎಲ್ಲರೂ ಒಪ್ಪಿಕೊಳ್ಳುತ್ತಾರೆ.

ಅಂದು ಅತ್ತೆ ಯಾರನ್ನೂ ಒಲೆ ಹತ್ತಿರ ಸೇರಿಸಲಿಲ್ಲ. ಅನ್ನ, ಮಟನ್ ಸಾರು, ಲಿವರ್ ಫ್ರೈ, ತುಪ್ಪ ಸುರಿದ ಒತ್ತು ಶಾವಿಗೆ, ಕಾಯಿಹಾಲು, ಕಜ್ಜಾಯ, ಬೇಯಿಸಿದ ಮೊಟ್ಟೆ. ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಬಡಿಸಿದ್ದೂ ಅವರೇ, ಕೊನೆಗೆ ಹೊರಬಂದು ಬಾಗಿಲು ಮುಚ್ಚಿದ್ದೂ ಅವರೇ.

ಬಾಗಿಲು ತೆಗೆದಾಗ ಎಲೆಯ ಮೇಲೆ ಏನೂ ಇರಲಿಲ್ಲ.

ಅಗುಳು ಸರಿದಿಲ್ಲ, ಅಗುಳೇ ಇಲ್ಲ. ಎಲೆ ತೊಳೆದಿಟ್ಟ ಹಾಗಿತ್ತು. ಬೀಡಿ ಕಟ್ಟು ಮಾತ್ರ ಇಟ್ಟಲ್ಲೇ ಇತ್ತು.

ರವಿ ಬಾಯಿ ತೆರೆದು ನಿಂತ. ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತರು. ಅಳುತ್ತಾರೆ ಎಂದು ಹತ್ತಿರ ಹೋದೆ. ನಗುತ್ತಿದ್ದರು. "ಬಂದಿದ್ದ ಕಣೇ. ನನ್ನ ಲೋಕಿ ಬಂದಿದ್ದ. ಎಲ್ಲಾ ಉಂಡವ್ನೆ." ಆಮೇಲೆ ಬೀಡಿ ಕಡೆ ನೋಡಿ ಮೆಲ್ಲಗೆ ಹೇಳಿದರು. "ಬೀಡಿ ಬಿಟ್ಟವ್ನೆ ಅಂತ ಕಾಣುತ್ತೆ. ಅಲ್ಲಾದ್ರೂ ಡಾಕ್ಟ್ರ ಮಾತು ಕೇಳಿದ್ನಲ್ಲ, ಸಾಕು."

ಮಗ ಹೋದ ಮೇಲೆ ಅತ್ತೆ ಹೊಟ್ಟೆ ತುಂಬಾ ಉಂಡಿದ್ದನ್ನು ನಾನು ನೋಡಿರಲಿಲ್ಲ. ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದರು. ಅಂದು ಕೂತು ಉಂಡರು. ಎರಡನೆಯ ಸಲ ಶಾವಿಗೆ ಹಾಕಿಸಿಕೊಂಡರು. ಮಗ ಚಿಕ್ಕವನಿದ್ದಾಗ ಕಜ್ಜಾಯ ಕದ್ದು ಚಡ್ಡಿ ಜೇಬಿನಲ್ಲಿಟ್ಟುಕೊಂಡು ಇರುವೆ ಮುತ್ತಿದ್ದ ಕತೆ ಹೇಳಿದರು. ನಾವು ನಕ್ಕು ನಕ್ಕು ಸುಸ್ತಾದೆವು.

ಊಟವಾದ ಮೇಲೆ ನಾನು ಕೋಣೆ ಗುಡಿಸಲು ಹೋದೆ. ಮಂಚದ ಕೆಳಗೆ ಪೊರಕೆ ಹಾಕಿದರೆ ಏನೋ ಮೆತ್ತಗೆ ತಾಗಿತು. ಬಗ್ಗಿ ನೋಡಿದೆ. ಸ್ಟೆಪ್ನಿ ಕಾಲು ಚಾಚಿ ಮಲಗಿತ್ತು. ಹೊಟ್ಟೆ ಮೃದಂಗದಂತೆ ಬಿಗಿದಿತ್ತು. ಮೂಗಿನ ಮೇಲೆ ಸಾರಿನ ಹಳದಿ.

ನಾನು ಸೆರಗಿನಿಂದ ಅದರ ಮೂಗು ಒರೆಸಿದೆ. ಹಿಂದಿನ ಬಾಗಿಲಿನಿಂದ ಹೊರಗೆ ಬಿಟ್ಟೆ. ಯಾರಿಗೂ ಹೇಳಲಿಲ್ಲ.

ಬಾಗಿಲು ಮುಚ್ಚುವಾಗ ಒಳಗೆ ಸೇರಿಕೊಂಡಿತ್ತು, ಅಷ್ಟೇ. ಇದನ್ನು ಅತ್ತೆಗೆ ಹೇಗೆ ಹೇಳುವುದು? ಒಂದು ವರ್ಷದ ಮೇಲೆ ಉಂಡ ಹೆಂಗಸಿನ ಬಾಯಿಂದ ತುತ್ತು ಕಿತ್ತುಕೊಂಡ ಹಾಗಲ್ಲವೇ? ಹಾಗೆಂದುಕೊಂಡೇ ಆಸ್ಪತ್ರೆಯಲ್ಲೂ ಇಲ್ಲ ಎಂದೆ. ಇಂಜೆಕ್ಷನ್ ಬಿದ್ದಿದೆ, ಸರಿಹೋಗುತ್ತದೆ, ಸುಳ್ಳಿನಿಂದ ಏನೂ ಕೆಡುವುದಿಲ್ಲ ಎಂದುಕೊಂಡೆ.

ಸರಿಹೋಗಲಿಲ್ಲ.

ಎರಡನೆಯ ದಿನ ನೀರು ಕುಡಿದರೂ ವಾಂತಿ. ಮೂಗು ಒಣಗಿತು. ಕಣ್ಣು ಒಳಗೆ ಹೋಯಿತು. ಮಧ್ಯಾಹ್ನ ಮತ್ತೊಂದು ಸುತ್ತು ಇಂಜೆಕ್ಷನ್ ಹಾಕಿಸಿಕೊಂಡು ಬಂದೆವು. ಅಂಗಡಿ ಎಂದು ತರೀಕೆರೆಗೆ ಹೋಗಿದ್ದ ರವಿ ಗಂಟೆಗೊಮ್ಮೆ ಫೋನ್ ಮಾಡಿದ. ಆಶಾ ರಜೆ ಮುಂದುವರಿಸಿದಳು. ಸ್ಪೀಕರಿನಲ್ಲಿ ಇಬ್ಬರೂ ಹಸಿ ಮಾಂಸ, ಪ್ಯಾಕೆಟ್ ಎಂದು ಕೂಗಾಡಿದರು. ಈ ಸಲ ಯಾರೂ ನಗಲಿಲ್ಲ. ಒಮ್ಮೆ ರವಿಯ ಧ್ವನಿ ಒಡೆಯಿತು. "ಅಣ್ಣಂದು ಅಂತ ಉಳಿದಿರೋದು ಅದೊಂದೇ ಕಣಮ್ಮ," ಎಂದು ಫೋನ್ ಇಟ್ಟುಬಿಟ್ಟ.

ಅತ್ತೆ ಅಂದು ಮತ್ತೆ ಅರ್ಧ ಮುದ್ದೆ ತಟ್ಟೆಯಲ್ಲಿ ಬಿಟ್ಟರು.

ಮೂರನೆಯ ದಿನ ಬೆಳಿಗ್ಗೆ ಸ್ಟೆಪ್ನಿಗೆ ಎದ್ದು ನಿಲ್ಲಲು ಆಗಲಿಲ್ಲ. ರವಿ ಮೊದಲ ಬಸ್ಸಿಗೆ ಬಂದ. ಶೆಡ್ಡಿನಲ್ಲಿದ್ದ ಅಣ್ಣನ ಆಟೋ ಹೊರಗೆ ತೆಗೆದ. ಅವರು ಹೋದ ಮೇಲೆ ಅದನ್ನು ಯಾರೂ ಓಡಿಸಿರಲಿಲ್ಲ. ಬ್ಯಾಟರಿ ಸತ್ತಿತ್ತು. ನಾನು, ಆಶಾ, ಎದುರು ಮನೆಯವರು ತಳ್ಳಿದೆವು. ರಸ್ತೆಯ ಇಳಿಜಾರಿನಲ್ಲಿ ಅದು ಕೆಮ್ಮಿ ಸ್ಟಾರ್ಟ್ ಆಯಿತು. ಆ ಶಬ್ದ ಕೇಳಿ ಸ್ಟೆಪ್ನಿ ಗೋಣಿಚೀಲದ ಮೇಲೆ ಮಲಗಿದ್ದಲ್ಲೇ ಬಾಲವನ್ನು ಒಂದು ಸಲ ಬಡಿಯಿತು.

ಒಂದೇ ಸಲ. ನನಗೆ ಅಷ್ಟು ಸಾಕಾಯಿತು. ಇನ್ನು ಸುಳ್ಳು ಹೇಳಬಾರದು ಎಂದು ಆಟೋದಲ್ಲೇ ತೀರ್ಮಾನಿಸಿದೆ.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ ಕನ್ನಡಕ ತೆಗೆದರು. "ನೋಡಿ, ರಿಪೋರ್ಟ್ ಇನ್ನೂ ಬಂದಿಲ್ಲ. ನನಗೆ ಎರಡು ಅನುಮಾನ ಇದೆ. ಒಂದು, ಬೇಯಿಸಿದ ಮೂಳೆ ನುಂಗಿ ಕರುಳಲ್ಲಿ ಸಿಕ್ಕಿರಬಹುದು. ಬೆಂದ ಮೂಳೆ ಸೀಳಾಗಿ ಚುಚ್ಚುತ್ತೆ. ಹಾಗಿದ್ರೆ ಇವತ್ತೇ ಶಿವಮೊಗ್ಗಕ್ಕೆ ಹೋಗ್ಬೇಕು, ಆಪರೇಷನ್ ಆಗ್ಬೇಕು. ಈ ವಯಸ್ಸಲ್ಲಿ, ಈ ಸ್ಥಿತಿಯಲ್ಲಿ ತಡ್ಕೊಳ್ಳುತ್ತೆ ಅಂತ ಹೇಳೋಕಾಗಲ್ಲ. ಇನ್ನೊಂದು, ಒಂದೇ ಸಲಕ್ಕೆ ಜಾಸ್ತಿ ಎಣ್ಣೆ, ತುಪ್ಪ, ಕೊಬ್ಬು ತಿಂದು ಪ್ಯಾಂಕ್ರಿಯಾಸ್ ಅಂತ ಹೊಟ್ಟೆಯೊಳಗಿನ ಗ್ರಂಥಿ ಊದಿರಬಹುದು. ಅದಕ್ಕೆ ಇಲ್ಲೇ ಡ್ರಿಪ್ ಹಾಕಬಹುದು. ಏನು ತಿಂದಿದೆ ಅಂತ ನಿಜ ಹೇಳಿದ್ರೆ ನಾನು ನಿರ್ಧಾರ ಮಾಡ್ತೀನಿ."

"ನಮ್ಮನೇಲಿ ಯಾರೂ ಮೂಳೆ ಹಾಕಿಲ್ಲ ಮೇಡಂ," ಎಂದ ರವಿ.

"ಅತ್ತೆ, ನೀವು ಸ್ವಲ್ಪ ಹೊರಗೆ ಕೂತಿರಿ," ಎಂದೆ ನಾನು. ಅವರು ನನ್ನ ಮುಖ ನೋಡಿದರು. ಎದ್ದು ಬಾಗಿಲ ತನಕ ಹೋದರು.

ನಾನು ತಗ್ಗಿದ ದನಿಯಲ್ಲಿ ಹೇಳಿದೆ. "ಮೇಡಂ, ಹಬ್ಬದ ದಿನ ನಮ್ಮ ಯಜಮಾನರಿಗೆ ಎಡೆ ಇಟ್ಟಿದ್ವಿ. ಬಾಗಿಲು ಹಾಕೋವಾಗ ಇದು ಒಳಗೆ ಸೇರ್ಕೊಂಡಿತ್ತು. ಗೊತ್ತಾಗಲಿಲ್ಲ. ಮಟನ್ ಸಾರು, ಲಿವರ್ ಫ್ರೈ, ತುಪ್ಪದ ಶಾವಿಗೆ, ಕಾಯಿಹಾಲು, ಎಡೆ ಪೂರ್ತಿ ಇದೇ ತಿಂದಿದೆ."

ಆಶಾ ಬಾಯಿಗೆ ಕೈ ಹಿಡಿದಳು. ರವಿ ಗೋಡೆ ಕಡೆ ತಿರುಗಿದ.

"ಸೇರ್ಕೊಂಡಿರ್ಲಿಲ್ಲ."

ಅತ್ತೆ ಹೊರಗೆ ಹೋಗಿರಲಿಲ್ಲ. ಬಾಗಿಲಲ್ಲೇ ನಿಂತಿದ್ದರು. "ನಾನೇ ಬಿಟ್ಟೆ," ಎಂದರು. "ಮಂಚದ ಕೆಳಗೆ ಮಲಗ್ಸಿ, ಅಲ್ಲಾಡಬೇಡ ಅಂತ ಹೇಳಿ ಬಂದೆ. ಲೋಕಿ ಯಾವತ್ತು ಇವನ್ನ ಬಿಟ್ಟು ಉಂಡವ್ನೆ? ಬಂದು ನೋಡಿ, ಜೊತೆಗೆ ಇದಿಲ್ಲ ಅಂತ ಹಂಗೇ ಹೊರಟುಹೋದ್ರೆ ಅಂತ."

"ಮತ್ತೆ ಯಾಕೆ ಹೇಳ್ಲಿಲ್ಲ ಅತ್ತೆ?" ಎಂದೆ.

"ನೀನು ಅವತ್ತು ನಗ್ತಿದ್ದೆ ಕಣೇ. ಒಂದು ವರ್ಷ ಆಗಿತ್ತು ನಿನ್ನ ಹಲ್ಲು ನೋಡಿ. ಯಾಕೆ ಕೆಡಿಸ್ಲಿ?"

ನಾನು ಅವರಿಗೋಸ್ಕರ ಮುಚ್ಚಿಟ್ಟಿದ್ದೆ. ಅವರು ನನಗೋಸ್ಕರ ಮುಚ್ಚಿಟ್ಟಿದ್ದರು. ನಮ್ಮಿಬ್ಬರ ನಡುವೆ ಆ ಬಡಪ್ರಾಣಿ ಮೂರು ದಿನ ನರಳಿತ್ತು.

ಡಾಕ್ಟರಮ್ಮನಿಗೆ ಇದೆಲ್ಲ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅವರು ಅತ್ತೆಯ ಹತ್ತಿರ ಬಂದು ನಿಧಾನವಾಗಿ ಕೇಳಿದರು. "ಅಜ್ಜಿ, ಯೋಚನೆ ಮಾಡಿ ಹೇಳಿ. ಎಡೆಯಲ್ಲಿ ಮೂಳೆ ಎಷ್ಟಿತ್ತು?"

"ಒಂದೂ ಇರ್ಲಿಲ್ಲ ತಾಯಿ."

"ಮಟನ್ ಸಾರು ಅಂದ್ರಲ್ಲ?"

"ಮಟನ್ನೇ. ಮೂಳೆ ಎಲ್ಲಾ ನಾನೇ ಕೈಯಾರೆ ಬಿಡಿಸಿಟ್ಟೆ. ನನ್ನ ಮಗನಿಗೆ ಎಡಗಡೆ ದವಡೆ ಹಲ್ಲು ನೋವು. ಕೀಳ್ಸೋ ಅಂದ್ರೆ ಹೆದರ್ಕೊಂಡು ನಾಳೆ ನಾಳೆ ಅಂತ ಹಂಗೇ ಹೋಗ್ಬಿಟ್ಟ. ಅಲ್ಲಿಗೆ ಹೋದ ಮೇಲೆ ಹಲ್ಲು ಸರಿಹೋಗಿರುತ್ತೆ ಅಂತ ಯಾರು ಕಂಡವ್ರೆ? ಅದಕ್ಕೇ ಮೆತ್ತಗಿರೋ ತುಂಡೇ ನೋಡಿ ಇಟ್ಟೆ."

ಡಾಕ್ಟರಮ್ಮ ಬೇರೆ ಕಡೆ ಮುಖ ಮಾಡಿದರು. ಮತ್ತೆ ತಿರುಗಿದಾಗ ಅವರ ಮುಖ ಸಡಿಲವಾಗಿತ್ತು. "ಹಾಗಾದ್ರೆ ಶಿವಮೊಗ್ಗ ಈಗಲೇ ಬೇಡ. ಇದು ತುಪ್ಪ, ಕಾಯಿಹಾಲು, ಕೊಬ್ಬಿನ ಕೆಲಸ. ಪ್ಯಾಂಕ್ರಿಯಾಟೈಟಿಸ್. ಡ್ರಿಪ್ ಶುರು ಮಾಡೋಣ. ನಾಳೆ ಹೊತ್ತಿಗೆ ಇಳೀದಿದ್ರೆ ಮತ್ತೆ ನೋಡೋಣ."

ಮುಂಗಾಲಿನ ಕೂದಲು ಬೋಳಿಸಿ ಸೂಜಿ ಹಾಕಿದರು. ಬಾಟಲಿ ತೂಗುಹಾಕಲು ಸ್ಟ್ಯಾಂಡ್ ಮುರಿದಿತ್ತು. ರವಿ ಕೈಯೆತ್ತಿ ಹಿಡಿದು ನಿಂತ. ಕೈ ಸೋತಾಗ ಆಶಾ ಹಿಡಿದಳು. ನಾನು ಸ್ಟೆಪ್ನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ.

ಆ ಎರಡು ಗಂಟೆಯಲ್ಲಿ ಅತ್ತೆ ಇನ್ನೊಂದು ಮಾತು ಹೇಳಿದರು. ಬೆಂಚಿನ ಮೇಲೆ ಕೂತು, ಯಾರಿಗೂ ಅಲ್ಲದಂತೆ. "ನೀವೆಲ್ಲಾ ಎಡೆ ತಿಂದಿದ್ದು ನಾಯಿ ಅಂತೀರ. ಸರಿ. ತಿಂದಿದ್ದು ನಾಯಿನೇ. ಆದ್ರೆ ರೈಟ್ ಅನ್ನದೆ ಇದು ಯಾವತ್ತು ಬಾಯಿ ಹಾಕೈತೆ? ಕೋಣೇಲಿ ಯಾರಿದ್ರು ಅದಕ್ಕೆ ರೈಟ್ ಅನ್ನೋಕೆ?"

ರವಿ ಬಾಟಲಿ ಹಿಡಿದ ಕೈಯನ್ನು ಸ್ವಲ್ಪ ಇಳಿಸಿಬಿಟ್ಟ. "ಮೇಲೆತ್ತಿ," ಎಂದರು ಡಾಕ್ಟರಮ್ಮ.

ನಾನು ಇದನ್ನು ತುಂಬಾ ಯೋಚಿಸಿದ್ದೇನೆ. ನಮ್ಮ ಮನೆ ಇರುವುದು ಬಸ್ ನಿಲ್ಲುವ ತಿರುವಿನಲ್ಲಿ. ಅಂದು ಮಧ್ಯಾಹ್ನವೂ ಬಸ್ಸು ಬಂದಿರುತ್ತದೆ, ಕಂಡಕ್ಟರ್ ರೈಟ್ ಎಂದು ಕೂಗಿರುತ್ತಾನೆ. ಆದರೆ ಒಂಬತ್ತು ವರ್ಷದಲ್ಲಿ ಆ ರೈಟ್‌ಗಳಿಗೆ ಸ್ಟೆಪ್ನಿ ಒಂದು ದಿನವೂ ಕಿವಿ ಎತ್ತಿದ್ದಿಲ್ಲ. ಮಟನ್ ವಾಸನೆಗೆ ಮನಸ್ಸು ಸೋತಿತು ಎನ್ನಬಹುದು. ಅದೂ ಇರಬಹುದು. ಎರಡನ್ನೂ ನಾನು ಅತ್ತೆಗೆ ಹೇಳಿಲ್ಲ. ನನಗೂ ಹೇಳಿಕೊಂಡಿಲ್ಲ.

ಮರುದಿನ ರಿಪೋರ್ಟ್ ಬಂತು. ಡಾಕ್ಟರಮ್ಮ ಹೇಳಿದ್ದೇ. ನಾಲ್ಕು ದಿನ ಬೆಳಿಗ್ಗೆ ಸಂಜೆ ಡ್ರಿಪ್. ಬಾಯಿಗೆ ಮೊದಲು ಬರೀ ನೀರು, ಚಮಚದಲ್ಲಿ. ಆಮೇಲೆ ತಿಳಿ ಗಂಜಿ, ಸಿರಿಂಜಿನಲ್ಲಿ. ಗಂಟೆಗೊಮ್ಮೆ ನಾನೇ ಹಾಕುತ್ತಿದ್ದೆ. ಯಜಮಾನರು ಹೋಗುವಾಗ ಒಂದು ಲೋಟ ಗಂಜಿ ಕೊಡುವಷ್ಟು ಹೊತ್ತೂ ನನಗೆ ಸಿಕ್ಕಿರಲಿಲ್ಲ. ಕಾಲು ಒತ್ತಲಿಲ್ಲ, ಮಾತ್ರೆ ಕೊಡಲಿಲ್ಲ, ಹೆಂಗಿದೆ ಈಗ ಎಂದು ಕೇಳಲಿಲ್ಲ. ಬೆಳಿಗ್ಗೆ ಆಟೋ ಹತ್ತಿದವರು ಮಧ್ಯಾಹ್ನ ಇರಲಿಲ್ಲ. ಮಾಡದೇ ಉಳಿದಿದ್ದ ಸೇವೆ ನನ್ನ ಕೈಯಲ್ಲೇ ಎಲ್ಲೋ ಕೂತಿತ್ತು. ಸಿರಿಂಜನ್ನು ಸ್ಟೆಪ್ನಿಯ ತುಟಿಯ ಮೂಲೆಗೆ ಇಟ್ಟು ಒತ್ತುವಾಗ ಅದು ಹನಿ ಹನಿಯಾಗಿ ಇಳಿದ ಹಾಗಾಯಿತು. ಹೀಗೆ ಹೇಳಿದರೆ ಯಾರಾದರೂ ನಗಬಹುದು. ನಗಲಿ.

ಡ್ರಿಪ್ ಶುರುವಾದ ಐದನೆಯ ದಿನ ಡಾಕ್ಟರಮ್ಮ ಪಥ್ಯ ಹೇಳುವಾಗ ರವಿಯೂ ಆಶಾಳೂ ಪರೀಕ್ಷೆಯ ಫಲಿತಾಂಶಕ್ಕೆ ನಿಂತವರ ಹಾಗೆ ನಿಂತಿದ್ದರು.

"ಹಸಿ ಮಾಂಸ ನಿಲ್ಲಿಸಿ. ಇದರ ಹೊಟ್ಟೆ ತಡೆಯಲ್ಲ, ಮನೇಲಿ ವಯಸ್ಸಾದವರು ಬೇರೆ ಇದ್ದಾರೆ. ಹಸಿ ಮಾಂಸದ ರೋಗಾಣು ತಟ್ಟೆ, ಕೈ ಅಂತ ಹರಡುತ್ತೆ," ಎಂದರು. ಆಶಾ ಚಿಕ್ಕಪ್ಪನ ಕಡೆ ನೋಡಿದಳು. "ಪ್ಯಾಕೆಟ್ ಕೊಡಬಹುದು. ಆದ್ರೆ ನೀವು ಕೊಡ್ತಿದ್ದದ್ದು ಬೇಡ. ಅದರಲ್ಲಿ ಫ್ಯಾಟ್ ಜಾಸ್ತಿ. ಕಮ್ಮಿ ಇರೋದೇ ಬೇರೆ ಬರುತ್ತೆ." ಈಗ ರವಿ ಆಶಾ ಕಡೆ ನೋಡಿದ. "ಇಲ್ಲಾಂದ್ರೆ ಚರ್ಮ ತೆಗೆದ ಚಿಕನ್ ಎದೆಭಾಗ ನೀರಲ್ಲಿ ಬೇಯಿಸಿ, ಮೆತ್ತಗಿನ ಅನ್ನದ ಜೊತೆ. ಉಪ್ಪು, ಖಾರ, ಈರುಳ್ಳಿ ಏನೂ ಬೇಡ. ಸ್ವಲ್ಪ ಸ್ವಲ್ಪ, ನಾಲ್ಕು ಹೊತ್ತು. ಬರೀ ಇದನ್ನೇ ವರ್ಷಗಟ್ಟಲೆ ಹಾಕಿದ್ರೂ ಪೋಷಣೆ ಸಾಲಲ್ಲ. ಹುಷಾರಾದ ಮೇಲೆ ಮತ್ತೆ ಬನ್ನಿ, ಬರೆದುಕೊಡ್ತೀನಿ."

"ಹಂಗಾದ್ರೆ ಗೆದ್ದಿದ್ದು ಯಾರು ಮೇಡಂ?" ಎಂದ ರವಿ.

"ನಾಯಿ ಗೆದ್ದಿದೆ. ಅಷ್ಟಕ್ಕೆ ಖುಷಿಪಡಿ."

ಮನೆಗೆ ಬರುವಾಗ ಆಟೋ ಹತ್ತಿಸಲು ರವಿ ಬಗ್ಗಿದ. ಸ್ಟೆಪ್ನಿ ಅವನ ಕೈಯಿಂದ ಜಾರಿಕೊಂಡು, ಎರಡು ಸಲ ತಪ್ಪಿ, ಮೂರನೆಯ ಸಲ ತಾನೇ ಹಾರಿ ಟೈರಿನ ಪಕ್ಕದ ತನ್ನ ಸೀಟಿನಲ್ಲಿ ಕೂತಿತು. ಮೂಳೆಚಕ್ಕಳವಾಗಿತ್ತು. ಆದರೂ ಸವಾರಿ ಹೊರಟ ಪಾಳೇಗಾರನ ಹಾಗೆ ಕತ್ತೆತ್ತಿ ರಸ್ತೆ ನೋಡಿತು.

ಅಂದು ಅದರ ಮೊದಲ ಊಟ. ರವಿ ತರೀಕೆರೆಯಿಂದ ತಂದ ಎದೆಭಾಗದ ಚರ್ಮವನ್ನು ತಾನೇ ಸುಲಿದ. ಒಂದು ಎಳೆ ಕೊಬ್ಬು ಕಂಡರೂ ಮತ್ತೆ ಚಾಕು ಹಿಡಿದ. "ಗಿರಾಕಿಗಳಿಗೆ ಯಾವತ್ತಾದ್ರೂ ಹಿಂಗೆ ಕ್ಲೀನ್ ಮಾಡಿ ಕೊಟ್ಟಿದ್ದೀರಾ ಚಿಕ್ಕಪ್ಪ?" ಎಂದಳು ಆಶಾ. "ಗಿರಾಕಿಗಳು ಟೈರಲ್ಲಿ ಬಂದಿದ್ರೇನಮ್ಮ?" ಎಂದ ಅವನು. ಅವಳು ಕಡೂರಿನಿಂದ ತರಿಸಿದ ಹೊಸ ಪ್ಯಾಕೆಟ್ಟಿನ ಹಿಂಬದಿಯನ್ನು ಎರಡು ಸಲ ಓದಿ, ಹತ್ತು ಕಾಳು ಎಣಿಸಿ ನೀರಿನಲ್ಲಿ ನೆನೆಸಿದಳು. ಅತ್ತೆ ಅಕ್ಕಿಯನ್ನು ಕರಗುವ ಹಾಗೆ ಬೇಯಿಸಿದರು. ಮೂರೂ ಒಂದೇ ತಟ್ಟೆಗೆ ಬಿತ್ತು.

ತಟ್ಟೆ ಇಟ್ಟೆ. ಸ್ಟೆಪ್ನಿ ಮುಂದೆ ಬಂದು ಕೂತಿತು. ತಟ್ಟೆ ನೋಡಿತು, ನನ್ನನ್ನು ನೋಡಿತು.

"ರೈಟ್," ಎಂದೆ, ಒಂದು ವರ್ಷದಿಂದ ಅನ್ನುತ್ತಿದ್ದ ಹಾಗೆ.

ತಿನ್ನಲಿಲ್ಲ.

ಮತ್ತೆ ಹೇಳಿದೆ. ರವಿ ಹೇಳಿದ. ಆಶಾ ಕೈ ತಟ್ಟಿ ಹೇಳಿದಳು. ಅದು ಕೂತೇ ಇತ್ತು. ಇನ್ನು ಸಿರಿಂಜೇ ಗತಿ ಎಂದು ನಾನು ಏಳುವಷ್ಟರಲ್ಲಿ ಅತ್ತೆ ಮೊಣಕಾಲು ಹಿಡಿದುಕೊಂಡು ಬಂದು ಅದರ ಪಕ್ಕ ನೆಲದಲ್ಲಿ ಕೂತರು. ಅವರು ಆ ಮಾತನ್ನು ಎಂದೂ ಆಡಿದವರಲ್ಲ. ಮಗ ಹೇಳಿದಾಗಲೆಲ್ಲ, "ಮನೆಯೋ ಬಸ್ ಸ್ಟ್ಯಾಂಡೋ ಇದು," ಎಂದು ಗೊಣಗುತ್ತಿದ್ದವರು. ನಾಯಿಯ ಬೆನ್ನ ಮೇಲೆ ಎರಡು ಸಲ ತಟ್ಟಿದರು, ಯಜಮಾನರು ಅಂದು ಕಾರಿನ ಮೇಲೆ ತಟ್ಟಿದ ಹಾಗೆ.

"ರೈಟ್ ಕಣೋ," ಎಂದರು.

ಸ್ಟೆಪ್ನಿ ತಿಂದಿತು. ಮೊದಲು ಚಿಕನ್, ಆಮೇಲೆ ಅನ್ನ. ಕೊನೆಗೆ ಹತ್ತು ಕಾಳನ್ನೂ ಒಂದೊಂದಾಗಿ. ತಟ್ಟೆ ನೆಕ್ಕುತ್ತಾ ಅದನ್ನು ಗೋಡೆಯ ತನಕ ತಳ್ಳಿಕೊಂಡು ಹೋಯಿತು. ರವಿ ಕಣ್ಣೊರೆಸಿಕೊಳ್ಳುತ್ತಾ, "ನೋಡಿದ್ರಾ, ಮೊದಲು ತಿಂದಿದ್ದು ಚಿಕನ್ನು," ಎಂದ.

ಇದೆಲ್ಲ ಆಗಿ ಎರಡು ತಿಂಗಳು. ಕಾಯಿಲೆ ಪೂರ್ತಿ ಹೋಗಿದೆ ಎಂದು ಡಾಕ್ಟರಮ್ಮ ಹೇಳಿಲ್ಲ. ಒಂದು ಸಲ ಊದಿದ್ದು ಮತ್ತೆ ಊದಬಹುದು, ಹುಷಾರಾಗಿರಿ ಎಂದಿದ್ದಾರೆ. ಈಗ ಅದಕ್ಕೆ ವಯಸ್ಸೂ ಆಗಿದೆ. ಬೆಳಿಗ್ಗೆ ಎದ್ದ ತಕ್ಷಣ ನಾನು ಮೊದಲು ನೋಡುವುದು ಅದು ಹೇಗೆ ನಿಂತಿದೆ ಎಂದು. ಮೈಮುರಿಯಲು ಮುಂಗಾಲು ಚಾಚಿದರೂ ನನ್ನ ಎದೆ ಡವಗುಟ್ಟುತ್ತದೆ. ನೆಟ್ಟಗೆ ನಿಂತು ಮೈ ಕೊಡವಿಕೊಂಡರೆ ಉಸಿರು ಬಿಡುತ್ತೇನೆ.

ಎರಡು ದಿನಕ್ಕೊಮ್ಮೆ ತರೀಕೆರೆ ಬಸ್ಸಿನಲ್ಲಿ ರವಿಯ ಟಿಫಿನ್ ಬಾಕ್ಸು ಬರುತ್ತದೆ. ತಿರುವಿನಲ್ಲಿ ಕಂಡಕ್ಟರ್ ಇಳಿದು ಕೊಟ್ಟು ಹೋಗುತ್ತಾನೆ. ಆಶಾ ಅಡುಗೆಮನೆ ಗೋಡೆಗೆ, ಸ್ಟೆಪ್ನಿಗೆ ಏನು ಕೊಡಬಾರದು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ. ಅತ್ತೆಗೆ ಓದಲು ಬರುವುದಿಲ್ಲ. ಮೊದಲನೆಯದು ಏನು ಬರೆದಿದ್ದೀಯ ಎಂದು ಕೇಳಿದರು. "ಎಡೆ, ಅಜ್ಜಿ," ಎಂದಳು. ಅತ್ತೆ ಸ್ವಲ್ಪ ಯೋಚಿಸಿ, "ಮುಂದಿನ ವರ್ಷ ಇವನಿಗೆ ಬೇರೆ ಎಲೆ ಹಾಕಿದ್ರಾಯ್ತು, ಗಂಜಿ ಬಡಿಸಿ. ಲೋಕಿ ಏನೂ ಅಂದ್ಕೊಳ್ಳಲ್ಲ," ಎಂದರು.

ಈಗ ತಟ್ಟೆ ಇಡುವುದು ನಾನು, ರೈಟ್ ಅನ್ನುವುದು ಅತ್ತೆ. ಸ್ಟೆಪ್ನಿ ತಿಂದು ಮುಗಿಸುವ ತನಕ ಅವರು ಪಕ್ಕದಲ್ಲಿ ತಮ್ಮ ತಟ್ಟೆ ಇಟ್ಟುಕೊಂಡು ಕೂತಿರುತ್ತಾರೆ. ಒಬ್ಬರನ್ನೊಬ್ಬರು ನೋಡಿಕೊಂಡು ಉಣ್ಣುತ್ತಾರೆ. ಅತ್ತೆಯ ತಟ್ಟೆಯಲ್ಲಿ ಈಗ ಮುದ್ದೆ ಉಳಿಯುವುದಿಲ್ಲ.